ಕೈಚೀಲದಲ್ಲಿ ಗೇಜ್ ಇಟ್ಟುಕೊಂಡಿದ್ದ ಮೇಡಂ

ಮೇಡಂ ನೆನಪಿನ ಸಂಚಿಕೆಗೆ ಎರಡು ಪುಟ ಬರೆದುಕೊಡಿ, ಸ್ವಲ್ಪ ಗೌರವದಿಂದ ಬರೀರಿ ಎಂದು ವಿಶ್ವವಿದ್ಯಾಲಯದವರು ಫೋನಿನಲ್ಲಿ ಕೇಳಿದ್ದಾರೆ. ಪುಟ ಜಾಸ್ತಿಯಾಗುತ್ತದೆ, ಗೌರವ ಕಡಿಮೆ ಬೀಳುತ್ತದೆ. ಎರಡಕ್ಕೂ ನಾನು ಜವಾಬ್ದಾರನಲ್ಲ. ಮೇಡಂ ಹೆಸರನ್ನೂ ಹಾಕುವುದಿಲ್ಲ. ಹೆಸರು ಹಾಕಿದರೆ ಹಿಂದೆಯೇ ಪದವಿ, ಪ್ರಶಸ್ತಿ, ಎಷ್ಟು ಜನಕ್ಕೆ ಪಿಎಚ್‌ಡಿ ಮಾಡಿಸಿದರು ಎಂಬುದೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ, ಆಮೇಲೆ ಮನುಷ್ಯರಿಗೆ ಜಾಗ ಇರುವುದಿಲ್ಲ. ಅವರ ಹತ್ತಿರ ಪಾಠ ಕೇಳಿದವರಿಗೆ ಮೂರನೇ ಸಾಲಿಗೇ ಯಾರೆಂದು ಗೊತ್ತಾಗುತ್ತದೆ. ಗೊತ್ತಾಗದವರು ಸುಮ್ಮನೆ ಓದಿ, ನಷ್ಟವಿಲ್ಲ.

ಮೊದಲು ನನ್ನ ವಿಚಾರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಹೆಚ್ಚು ಸ್ವಾರಸ್ಯವಾಗಿದೆ. ಕೆಂಗೇರಿ ಕಡೆಯ ಒಂದು ವಿಶ್ವವಿದ್ಯಾಲಯದ ಅಕಾಡೆಮಿಕ್ ಸೆಕ್ಷನ್ನಿನಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನು ನಾನು. ಊರು ಹೆಗ್ಗನಹಳ್ಳಿ. ನಮ್ಮ ತಾತ ರಾಗಿ ಹೊಲದಲ್ಲಿ ಬೆದರುಬೊಂಬೆಗೆ ಶಾನುಭೋಗರದೇ ಹಳೇ ಕೋಟು, ಪೇಟ ಹಾಕಿ ನಿಲ್ಲಿಸಿ, ಅರ್ಧ ಊರು ಅದಕ್ಕೆ ಕೈ ಮುಗಿದು ಹೋಗುವ ಹಾಗೆ ಮಾಡಿದ್ದನಂತೆ. ಆ ಹೊಲದಲ್ಲಿ ಈಗ ಬಾಡಿಗೆ ಮನೆಗಳಿವೆ. ಬೊಂಬೆ ನಿಲ್ಲಿಸುವ ಬುದ್ಧಿ ಮಾತ್ರ ಪಿತ್ರಾರ್ಜಿತವಾಗಿ ನನಗೆ ಬಂತು. ನನ್ನ ಬೊಂಬೆಗಳ ಹೆಸರು ಸುತ್ತೋಲೆ.

ವರ್ಷಕ್ಕೆ ಒಂದೋ ಎರಡೋ ಸುಳ್ಳು ಸುತ್ತೋಲೆ ಹೊರಡಿಸದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಕಳ್ಳನಿಗೂ ಒಂದು ನೇಮ ಬೇಕು. ನನ್ನ ಸುಳ್ಳು ಸುತ್ತೋಲೆಗೆಲ್ಲ ಭಾನುವಾರದ ತಾರೀಕು ಹಾಕುತ್ತಿದ್ದೆ. ಭಾನುವಾರ ಆಫೀಸು ಇಲ್ಲ. ಕಣ್ಣಿದ್ದವನು ಹಿಡಿಯಲಿ ಎಂದು ಬಾಗಿಲನ್ನು ಅಷ್ಟು ಓರೆ ಮಾಡಿಟ್ಟಿರುತ್ತಿದ್ದೆ. ಇಡೀ ಸರ್ವೀಸಿನಲ್ಲಿ ಅದನ್ನು ಹಿಡಿದವರು ಒಬ್ಬರೇ.

ಆ ಸಲದ ಸುತ್ತೋಲೆ ಹೀಗಿತ್ತು: ಲಿಫ್ಟಿನ ಸಾಮರ್ಥ್ಯ ನಿರ್ಧರಿಸಬೇಕಾಗಿರುವುದರಿಂದ ಎಲ್ಲ ಬೋಧಕರೂ ತಮ್ಮ ತೂಕವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ಬೋಧಕರು ಸಲ್ಲಿಸಿದರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಎಂಟು ಕೆಜಿ ಕಡಿಮೆ ತೋರಿಸಿ, ಸೀಲು ಹಾಕಿ ಸಲ್ಲಿಸಿದರು. ಸಂಖ್ಯಾಶಾಸ್ತ್ರದ ಮೇಡಂ ಕಡೆಯಿಂದ ಮಾತ್ರ ನನ್ನ ಸುತ್ತೋಲೆಯೇ ವಾಪಸ್ ಬಂತು. ತಾರೀಕಿನ ಸುತ್ತ ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗುಂಡು. ಪಕ್ಕದಲ್ಲಿ ಮುತ್ತಿನಂಥ ಅಕ್ಷರ: 'ಭಾನುವಾರ. ಪರಿಶೀಲಿಸಿ.' ಅದರ ಕೆಳಗೆ: 'ಈ ಕಟ್ಟಡದಲ್ಲಿ ಲಿಫ್ಟ್ ಇಲ್ಲ.'

ಅವತ್ತಿನಿಂದ ನಾನು ಅವರ ಶಿಷ್ಯ. ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಫೀಸಿನ ರಸೀದಿ ಕೇಳುತ್ತಿದ್ದರು.

ನೋಡಲಿಕ್ಕೆ ಮೇಡಂ ಏನೂ ಇರಲಿಲ್ಲ. ಐದಡಿಗೆ ಸ್ವಲ್ಪ ಕಡಿಮೆ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೆ ಅವರಿಗಿಂತ ದೊಡ್ಡದಾದ ಕಂದು ಚೀಲ. ಬಸವೇಶ್ವರನಗರದಿಂದ ವಿಜಯನಗರಕ್ಕೆ ಆಟೋದಲ್ಲಿ ಬಂದು ಮೆಟ್ರೋ ಹತ್ತುತ್ತಿದ್ದರು. ನಾನು ಹೆಗ್ಗನಹಳ್ಳಿಯಿಂದ ಬಸ್ಸಿನಲ್ಲಿ ಬಂದು ಅದೇ ಮೆಟ್ರೋ ಹತ್ತುತ್ತಿದ್ದೆ. ಚೀಲ ತಪಾಸಣೆ ಮಾಡುವ ಮೆಷಿನ್ ಹತ್ತಿರ ದಿನಾ ಒಂದೇ ನಾಟಕ. ಪರದೆಯ ಮೇಲೆ ಹೆಬ್ಬೆರಳು ದಪ್ಪದ ಕಬ್ಬಿಣದ ತುಂಡೊಂದು ಕಾಣುತ್ತಿತ್ತು. ಒಂದು ದಿನ ಹೊಸದಾಗಿ ಬಂದ ಸೆಕ್ಯುರಿಟಿ ಹೆಂಗಸು ಚೀಲ ಹಿಡಿದುಕೊಂಡು ಕೇಳಿದಳು.

"ಏನ್ ಮೇಡಂ ಇದು?"

"ನಮ್ಮಪ್ಪ."

"ಆಂ?"

"ನಮ್ಮಪ್ಪಂದು ಕಣಮ್ಮ. ಗೇಜು. ತಗೊಂಡು ನೋಡು, ಕಚ್ಚಲ್ಲ."

ಮೇಡಂ ತಂದೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದವರು. ಗೇಜು ಎಂದರೆ ಬೇರೇನಲ್ಲ, ಎರಡು ತುದಿಯ ಉಕ್ಕಿನ ಕಡ್ಡಿ. ಮೆಷಿನ್ ಕೊರೆದ ತೂತಿನೊಳಗೆ ಒಂದು ತುದಿ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಹೋದರೆ ತೂತು ದೊಡ್ಡದು, ಎರಡೂ ಹೋಗದಿದ್ದರೆ ಚಿಕ್ಕದು, ಎರಡಕ್ಕೂ ಗುಜರಿಯೇ ಗತಿ. ಮೆಷಿನ್ ಜರ್ಮನಿಯದೇ ಆಗಿರಲಿ, ಮೊನ್ನೆ ಪೂಜೆ ಮಾಡಿ ನಿಂಬೆಹಣ್ಣು ಕಟ್ಟಿದ್ದೇ ಆಗಿರಲಿ, ಅವರಪ್ಪ ಗೇಜು ಹಾಕದೆ ಒಂದು ಪೀಸೂ ಮುಂದೆ ಬಿಟ್ಟವರಲ್ಲವಂತೆ. ಮಗಳಿಗೆ ಆಸ್ತಿ ಅಂತ ಬಂದದ್ದು ಆ ಕಡ್ಡಿ ಮತ್ತು ಆ ಚಾಳಿ. ಯಾರು ಏನೇ ಹೇಳಿದರೂ ಮೇಡಂ ಬಾಯಲ್ಲಿ ಒಂದೇ ಮಾತು: "ತೂರ್ಸಿ ನೋಡೋಣ."

ಹೀಗಿರುವಾಗ ನಮ್ಮ ಕುಲಪತಿಗಳಿಗೆ ಜ್ಞಾನೋದಯವಾಯಿತು. ಅವರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದರು. ಅಲ್ಲಿ ಎಲ್ಲರೂ ಕೃತಕ ಬುದ್ಧಿಮತ್ತೆ ಎಂದರಂತೆ, ಇವರೊಬ್ಬರೇ ಸುಮ್ಮನಿದ್ದರಂತೆ. ಬಂದವರೇ ಘೋಷಿಸಿದರು: ಮುಂದಿನ ಸೆಮಿಸ್ಟರಿನಿಂದ ನಮ್ಮಲ್ಲಿ ಯಾವ ವಿಷಯ ಓದುವ ವಿದ್ಯಾರ್ಥಿಯೇ ಆಗಲಿ, ಕನ್ನಡ ಎಂ.ಎ.ಯಿಂದ ರೇಷ್ಮೆ ಕೃಷಿವರೆಗೆ, ಎಐ ಕಲಿಯಲೇಬೇಕು.

ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಜೇಬಿನಲ್ಲಿ ಪರಿಹಾರ ಸಿದ್ಧವಾಗಿತ್ತು. ಒಂದು ಕಂಪನಿಯ ಪ್ಯಾಕೇಜು. ಮೂವತ್ತು ವಿಡಿಯೋ, ಪ್ರತಿ ವಿಡಿಯೋ ಕೊನೆಗೆ ಐದು ಪ್ರಶ್ನೆ, ಒತ್ತಿದರೆ ಸರ್ಟಿಫಿಕೇಟು. ಮೇಷ್ಟರು ಬೇಡ, ಕ್ಲಾಸು ಬೇಡ, ಫ್ಯಾನು ಬೇಡ. ಆದರೆ ನಿಯಮದ ಪ್ರಕಾರ ಒಂದು ಸಮಿತಿ ವರದಿ ಕೊಡಬೇಕು. ನಿವೃತ್ತಿಗೆ ಆರು ತಿಂಗಳಿರುವ ಸಂಖ್ಯಾಶಾಸ್ತ್ರದ ಹೆಂಗಸು, ಸಹಿ ಹಾಕಿ ಮನೆಗೆ ಹೋಗುತ್ತಾರೆ ಎಂದುಕೊಂಡು ಮೇಡಂ ಅವರನ್ನು ಸಂಚಾಲಕಿ ಮಾಡಿದರು. ಸಮಿತಿಯ ಕಾಗದಪತ್ರ ನೋಡಿಕೊಳ್ಳಲು ನನ್ನನ್ನು ಹಾಕಿದರು. ನಮ್ಮಿಬ್ಬರನ್ನೂ ಒಟ್ಟಿಗೆ ಹಾಕಿದವರು ಯಾರೇ ಆಗಿರಲಿ, ಅವರಿಗೆ ನಮ್ಮಿಬ್ಬರ ಪರಿಚಯವೂ ಇರಲಿಲ್ಲ.

ಮೇಡಂ ಮೂವತ್ತು ವಿಡಿಯೋಗಳನ್ನೂ ಕೂತು ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ನೂರೈವತ್ತು ಪ್ರಶ್ನೆಗಳಿಗೂ ಎರಡನೇ ಉತ್ತರವನ್ನೇ ಒತ್ತಿದರು. ಪ್ರಥಮ ದರ್ಜೆ ಬಂತು. ಸರ್ಟಿಫಿಕೇಟನ್ನು ನನ್ನ ಮೇಜಿನ ಮೇಲಿಟ್ಟರು.

"ಎರಡೂ ತುದಿ ಒಳಗೆ ಹೋಯ್ತು ಕಣ್ರೀ. ಗುಜರಿ."

"ಮತ್ತೆ ಏನ್ ಮಾಡ್ತೀರ ಮೇಡಂ?"

"ಮಕ್ಳಿಗೆ ಆ ಮೆಷಿನ್ ಹೇಗೆ ಕೆಲ್ಸ ಮಾಡುತ್ತೆ ಅನ್ನೋದು ನಾಕು ಪಾಠದಲ್ಲಿ ಹೇಳ್ಬಹುದು. ಅದು ಹೇಳಿದ್ದು ಸರೀನಾ ತಪ್ಪಾ ಅನ್ನೋದನ್ನ ಯಾರ್ ಹೇಳ್ತಾರೆ? ಕನ್ನಡದಲ್ಲಿ ತಪ್ಪಿದ್ರೆ ಕನ್ನಡದ ಮೇಷ್ಟ್ರೇ ಹೇಳ್ಬೇಕು. ಕಾನೂನಲ್ಲಿ ತಪ್ಪಿದ್ರೆ ಕಾನೂನಿನವರೇ. ಪ್ರತಿ ವಿಭಾಗಕ್ಕೂ ಅದರದೇ ಗೇಜು ಇರುತ್ತೆ, ಹುಡುಕ್ಬೇಕು. ನಡೀರಿ."

ಹೊರಟೆವು. ವಿಭಾಗ ವಿಭಾಗಕ್ಕೆ ಹೋಗುವುದು, ಹಿಂದಿನ ಬೆಂಚಿನಲ್ಲಿ ಕೂರುವುದು, ಪಾಠ ಮುಗಿದ ಮೇಲೆ ಮೇಷ್ಟರನ್ನು ಹಿಡಿಯುವುದು. ನಾನು ಟಿಪ್ಪಣಿ ಬರೆದುಕೊಳ್ಳುವವನಂತೆ ನಟಿಸುತ್ತಿದ್ದೆ.

ಕನ್ನಡ ವಿಭಾಗದ ಪ್ರೊಫೆಸರು ಹಳಗನ್ನಡದವರು. ಬಾಗಿಲಲ್ಲೇ ಕೈ ಮುಗಿದರು, ಸ್ವಾಗತಕ್ಕಲ್ಲ.

"ತಾಯಿ, ನಮ್ಮನ್ನ ಬಿಟ್ಬಿಡಿ. ನನಗೆ ಮೊಬೈಲಲ್ಲಿ ಗುಡ್ ಮಾರ್ನಿಂಗ್ ಕಳ್ಸೋಕೇ ಮೊಮ್ಮಗಳು ಬೇಕು."

"ಏನೂ ಮಾಡ್ಬೇಡಿ ಸಾರ್, ಸುಮ್ನೆ ಓದಿ," ಎಂದು ಮೇಡಂ ಒಂದು ಕಾಗದ ಕೊಟ್ಟರು. ಅದರಲ್ಲಿ ಎಐ ಬರೆದ ಕಂದಪದ್ಯ ಇತ್ತು. ಪ್ರೊಫೆಸರು ಗಟ್ಟಿಯಾಗಿ ಓದಿದರು. ಶಬ್ದಗಳು ಭಾರೀ ಭಾರೀ ಇದ್ದವು. "ಪರವಾಗಿಲ್ವೇ, ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿದೆ," ಎಂದರು. ಅಷ್ಟರಲ್ಲಿ ಅವರ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಬೆರಳ ಗೆಣ್ಣುಗಳ ಮೇಲೆ ಓಡತೊಡಗಿತ್ತು. ಓಡಿ ಓಡಿ ಒಂದು ಕಡೆ ನಿಂತಿತು.

"ಇದೇನ್ರೀ! ಮೊದಲ್ನೇ ಸಾಲಿಗೆ ಹನ್ನೆರಡು ಮಾತ್ರೆ ಬರ್ಬೇಕು, ಹದಿನಾಲ್ಕು ಬಂದಿದೆ! ಪ್ರಾಸಾನೂ ಇಲ್ಲ! ಯಾವನ್ರೀ ಇವ್ನಿಗೆ ಪಾಠ ಮಾಡಿದ್ದು?"

ಮೇಡಂ ಅವರ ಬೆರಳುಗಳನ್ನೇ ತೋರಿಸಿದರು. "ಸಾರ್, ಗೇಜು ಅಲ್ಲೇ ಇದೆ ನೋಡಿ. ಇದನ್ನ ಕಲ್ಸಿ, ಸಾಕು."

ಪ್ರೊಫೆಸರು ಮಧ್ಯಾಹ್ನದ ಊಟ ಬಿಟ್ಟು ಇನ್ನೂ ಹತ್ತು ಪದ್ಯ ಬರೆಸಿ ಬರೆಸಿ ತಪ್ಪು ಹಿಡಿದರು. ಹಿಡಿದಾಗಲೆಲ್ಲ ಕೇಕೆ. ಆ ವಿಭಾಗದ ಗೋಡೆಗಳು ಅಂಥ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು.

ಭೂಗೋಳ ವಿಭಾಗದಲ್ಲಿ, ಊರಿನ ಕೊಚ್ಚೆಯೆಲ್ಲ ಹರಿಯುವ ವೃಷಭಾವತಿ ನದಿಯ ಮೇಲೆ ಒಂದು ಪ್ರಬಂಧ ಬರೆಸಿದರು. ಎಐ ಅದರ ತಿಳಿನೀರು, ತಂಪು ಗಾಳಿ, ದಂಡೆಯ ಸಂಜೆ ವಿಹಾರ ಎಂದೆಲ್ಲ ಬಹಳ ಚೆನ್ನಾಗಿ ಬರೆದಿತ್ತು. ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇದನ್ನ ಬರ್ದವ್ರು ನಾಯಂಡಹಳ್ಳೀಲಿ ಬಸ್ಸಿನ ಕಿಟಕಿ ತೆಗ್ದಿಲ್ಲ," ಎಂದಳು. ಮೇಡಂ ನನ್ನ ಕಡೆ ತಿರುಗಿದರು. "ಬರ್ಕೊಳ್ರೀ. ಭೂಗೋಳದ ಗೇಜು: ಮೂಗು, ಮತ್ತೆ ಹೋಗಿ ನೋಡೋದು."

ಹೀಗೆ ತಿರುಗಿ ತಿರುಗಿ ಎಂಬತ್ತನಾಲ್ಕು ಪುಟದ ವರದಿ ಆಯಿತು. ನಾಲ್ಕು ಪಾಠ ಎಲ್ಲರಿಗೂ ಒಂದೇ, ಮಿಕ್ಕಿದ್ದು ಆಯಾ ವಿಭಾಗದ ಮೇಷ್ಟರೇ ತಮ್ಮ ಗೇಜಿನಿಂದ ಮಾಡುವುದು. ಅಕಾಡೆಮಿಕ್ ಕೌನ್ಸಿಲ್ ಒಪ್ಪಬೇಕಾಗಿತ್ತು. ಮೇಡಂ ಇದ್ದ ಕಾಲದಲ್ಲಿ ಅದೇ ಕೊನೆಯ ಸಭೆ. ಅವತ್ತು ಪಾಸಾಗದಿದ್ದರೆ ಅವರು ಮನೆಗೆ, ಪ್ಯಾಕೇಜು ಒಳಗೆ.

ಇಲ್ಲಿ ನನ್ನ ಹೆಚ್ಚುಗಾರಿಕೆ ಶುರುವಾಗುತ್ತದೆ. ನಮ್ಮ ಕೌನ್ಸಿಲ್ಲಿಗೆ ಒಂದು ಸಂಪ್ರದಾಯವಿತ್ತು. ಹನ್ನೆರಡಕ್ಕೆ ಕ್ಯಾಂಟೀನಿನಿಂದ ಉದ್ದಿನ ವಡೆ ಬರುತ್ತಿತ್ತು. ವಡೆಯ ತಟ್ಟೆ ಬಾಗಿಲಲ್ಲಿ ಕಂಡಾಗ ಯಾವ ವಿಷಯ ಮೇಜಿನ ಮೇಲಿರುತ್ತದೋ ಅದು ಪಾಸು. "ಒಪ್ಪಿದೆ, ಒಪ್ಪಿದೆ," ಎಂದು ಸದಸ್ಯರು ಕೈ ತೊಳೆಯಲು ಎದ್ದರೆ ಮುಗಿಯಿತು. ಹೊರಗಿನವರು ವಿಶ್ವವಿದ್ಯಾಲಯವನ್ನು ಕುಲಪತಿಗಳು ನಡೆಸುತ್ತಾರೆ ಎಂದುಕೊಂಡಿದ್ದರು. ಕಾರ್ಯಸೂಚಿಯಲ್ಲಿ ಯಾವ ವಿಷಯ ವಡೆಯ ಹೊತ್ತಿಗೆ ಬರಬೇಕು ಎಂದು ನಿರ್ಧರಿಸುತ್ತಿದ್ದವನು ಮಾತ್ರ ನಾನು.

"ಮೇಡಂ, ನಿಮ್ದು ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಬರೋ ಹಾಗೆ ಹಾಕ್ಲಾ? ಒಬ್ಬನೂ ಬಾಯಿ ತೆಗೆಯಲ್ಲ. ತೆಗೆದ್ರೂ ವಡೆಗೆ."

ಮೇಡಂ ಚೀಲದಿಂದ ತಲೆಯೆತ್ತಲಿಲ್ಲ. "ಬೇಡ. ವಡೆ ಮೇಲೆ ಪಾಸಾಗಿದ್ದು ವಡೆ ಮೇಲೇ ರದ್ದಾಗುತ್ತೆ. ನಾಳೆ ಕ್ಲಾಸಲ್ಲಿ ನಿಂತು ಪಾಠ ಮಾಡೋರು ಅವ್ರು. ಓದಿ ಒಪ್ಲಿ."

"ಎಂಬತ್ನಾಕು ಪುಟ ಯಾರೂ ಓದಲ್ಲ ಮೇಡಂ."

"ಓದ್ತಾರೆ."

"ನೋಡಿ, ನಾನು ಮೂವತ್ತು ವರ್ಷದಿಂದ..."

"ಓದ್ತಾರೆ ಅಂದ್ನಲ್ಲ."

ಆ 'ಅಂದ್ನಲ್ಲ' ನನ್ನನ್ನು ಕೆಣಕಿತು. ಯಾರೂ ಓದುವುದಿಲ್ಲ ಎಂದು ಸಾಬೀತು ಮಾಡಿ, ಆಮೇಲೆ ಮೆಟ್ರೋದಲ್ಲಿ ನಗೋಣ ಎಂದುಕೊಂಡೆ. ಅಷ್ಟರಲ್ಲಿ ನನಗೂ ಆ ಎಐ ಸಲಿಗೆಯಾಗಿತ್ತು. 'ಹಪ್ಪಳ ಮಾಡುವ ವಿಭಾಗಕ್ಕೆ ಒಂದು ಪಠ್ಯಕ್ರಮ ಬರೆದುಕೊಡು' ಎಂದು ಕೇಳಿದೆ. ಅದಕ್ಕೆ ನಗು ಬರಲಿಲ್ಲ. 'ಒಣ ಆಹಾರ ಅಧ್ಯಯನ ವಿಭಾಗ' ಎಂದು ತಾನೇ ನಾಮಕರಣ ಮಾಡಿ, ಧ್ಯೇಯ, ಉದ್ದೇಶ, ಕಲಿಕಾ ಫಲಗಳು, ಹಪ್ಪಳದ ವ್ಯಾಸದ ದತ್ತಾಂಶ ವಿಶ್ಲೇಷಣೆ, ಕಾಗೆ ನಿವಾರಣೆಯ ಪ್ರಾಯೋಗಿಕ ತರಗತಿ, ಇಲ್ಲದ ಲೇಖಕರ ಇಲ್ಲದ ಪುಸ್ತಕಗಳು ಎಲ್ಲವನ್ನೂ ಒಂದು ಪುಟಕ್ಕೆ ತುಂಬಿಸಿಕೊಟ್ಟಿತು. ಪ್ರಿಂಟಿಗೆ ಕಳಿಸುವಾಗ ಅದನ್ನು ನಲವತ್ತೊಂದನೇ ಪುಟವಾಗಿ ತೂರಿಸಿದೆ. ಜಾಗ ಬೇಕಲ್ಲ ಎಂದು ಮುನ್ನುಡಿಯಲ್ಲಿ ಕುಲಪತಿಗಳನ್ನು ಹೊಗಳಿದ್ದ ಒಂದು ಪುಟ ಕಿತ್ತೆ. ಯಾರಿಗೂ ನಷ್ಟವಾಗಲಿಲ್ಲ. ಸಭೆಗೆ ಹತ್ತು ದಿನ ಮೊದಲು ಎಲ್ಲ ಸದಸ್ಯರಿಗೂ ಪ್ರತಿ ಹೋಯಿತು.

ಸಭೆಯ ದಿನ ಬೆಳಿಗ್ಗೆ ಮೆಟ್ರೋದಲ್ಲಿ ಮೇಡಂ ಖುಷಿಯಾಗಿದ್ದರು.

"ನೋಡಿದ್ರಾ, ಯಾರೂ ಓದಲ್ಲ ಅಂದ್ರಿ. ಕಂಪ್ಯೂಟರ್ ಸಾಹೇಬ್ರು ಪೂರ್ತಿ ಓದಿದಾರಂತೆ. ಪುಟಪುಟಕ್ಕೂ ಟಿಪ್ಪಣಿ ಮಾಡ್ಕೊಂಡಿದಾರಂತೆ. ಒಂದು ತಪ್ಪು ಸಿಕ್ಕಿದ್ರೂ ಇಡೀ ವರದಿ ವಾಪಸ್ ಕಳಿಸ್ತೀನಿ ಅಂತ ಹೇಳ್ಕೊಂಡು ಓಡಾಡ್ತಿದಾರೆ."

ರೈಲು ನಾಯಂಡಹಳ್ಳಿ ದಾಟುತ್ತಿತ್ತು. ಕಿಟಕಿ ಮುಚ್ಚಿದ್ದರೂ ನನಗೆ ವೃಷಭಾವತಿಯ ವಾಸನೆ ಬಂತು.

ನಿಜ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಆಫೀಸಿಗೆ ಹೋದವನೇ ಕ್ಯಾಂಟೀನಿಗೆ ಫೋನ್ ಮಾಡಿದೆ. ಕಾರ್ಯಸೂಚಿಯಲ್ಲಿ ಮೇಡಂ ವಿಷಯ ಹನ್ನೊಂದಕ್ಕಿತ್ತು.

"ಭಟ್ರೇ, ಇವತ್ತು ವಡೆ ಹನ್ನೊಂದಕ್ಕೇ ಬರ್ಬೇಕು."

"ಏನ್ ಸಾರ್ ನೀವು, ಉದ್ದು ಇನ್ನೂ ಗ್ರೈಂಡರಲ್ಲಿ ತಿರುಗ್ತಾ ಇದೆ!"

"ತಿರುಗಿದಷ್ಟು ಕರೀರಿ!"

ವಡೆ ಬಂತು, ಹನ್ನೊಂದೂ ಹತ್ತಕ್ಕೆ. ಬಾಗಿಲಲ್ಲಿ ತಟ್ಟೆ ಕಂಡಿತು, ಸದಸ್ಯರ ತಲೆಗಳು ಸೂರ್ಯಕಾಂತಿ ಹೂವಿನ ಹಾಗೆ ತಿರುಗಿದವು, ಇಬ್ಬರು 'ಒಪ್ಪಿದೆ' ಅಂದೂಬಿಟ್ಟರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಕಂಪ್ಯೂಟರ್ ಮುಖ್ಯಸ್ಥರು ಎದ್ದು ನಿಂತರು. ಕೈಯಲ್ಲಿ ಮೊಬೈಲು.

"ಒಂದು ನಿಮಿಷ ಸಾರ್. ಇದು ಗಂಭೀರ ವಿಷಯ. ನಾನು ಎಂಬತ್ನಾಕು ಪುಟಾನೂ ಅಕ್ಷರ ಬಿಡದೆ ಓದಿದೀನಿ. ಕನ್ನಡದವರು ಬೆರಳು ಎಣಿಸ್ತೀವಿ ಅಂತಾರೆ. ಭೂಗೋಳದವರು ಮೂಸಿ ನೋಡ್ತೀವಿ ಅಂತಾರೆ. ಇದು ವಿಶ್ವವಿದ್ಯಾಲಯಾನಾ, ತರಕಾರಿ ಮಾರ್ಕೆಟ್ಟಾ? ಇಡೀ ವರದೀಲಿ ಒಂದೇ ಒಂದು ವಿಭಾಗ ವೈಜ್ಞಾನಿಕವಾಗಿ ಬರ್ದಿದೆ. ಸ್ಪಷ್ಟ ಉದ್ದೇಶ, ಅಳೆಯಬಹುದಾದ ಫಲಗಳು, ದತ್ತಾಂಶ ವಿಶ್ಲೇಷಣೆ. ಎಲ್ಲರಿಗೂ ಅದೇ ಮಾದರಿ ಆಗ್ಬೇಕು. ಪುಟ ನಲವತ್ತೊಂದು, ಒಣ ಆಹಾರ ಅಧ್ಯಯನ ವಿಭಾಗ."

ನಾನು ಗೋಡೆಗೆ ಒರಗಿಕೊಂಡೆ. ಗೋಡೆ ಒಪ್ಪಿಕೊಂಡಿತು.

ಮೇಡಂ ತಣ್ಣಗೆ ಕೇಳಿದರು. "ಆ ವಿಭಾಗ ಯಾವ ಬ್ಲಾಕಲ್ಲಿದೆ ಸಾರ್?"

"ಅದು... ಹೊಸ ಬ್ಲಾಕಲ್ಲಿ ಇರ್ಬೇಕು."

ಕುಲಪತಿಗಳು ತಲೆಯಾಡಿಸಿದರು. "ಹೌದು, ಹೌದು. ನಾನೇ ಉದ್ಘಾಟನೆ ಮಾಡಿದ ನೆನಪು."

"ಹಾಗಾದ್ರೆ ಎಲ್ಲರೂ ನಲವತ್ತೊಂದನೇ ಪುಟ ತೆಗೀರಿ. ಸಾಹೇಬ್ರೇ, ಮೊಬೈಲಲ್ಲಿ ಎಐ ಮಾಡಿಕೊಟ್ಟ ಸಾರಾಂಶ ಬೇಡ, ಪುಸ್ತಕದಲ್ಲೇ ನೋಡಿ."

ಪುಟ ತಿರುಗಿಸುವ ಸದ್ದು. ಮೊದಲು ನಕ್ಕವರು ಕನ್ನಡ ಪ್ರೊಫೆಸರು. "ಅಯ್ಯೋ, ಇದು ಹಪ್ಪಳ ಕಣ್ರಯ್ಯಾ! ಕಾಗೆ ಓಡ್ಸೋದಕ್ಕೆ ನಾಕು ಅಂಕ ಕೊಟ್ಟವ್ರೆ!" ಆಮೇಲೆ ಸಾಲಾಗಿ ಎಲ್ಲರೂ. ಕೊನೆಗೆ ಕುಲಪತಿಗಳ ಮುಖ ಮಾತ್ರ ನಗದೆ ಉಳಿಯಿತು. ಇಲ್ಲದ ವಿಭಾಗವನ್ನು ಉದ್ಘಾಟಿಸಿದವರಿಗೆ ನಗುವುದು ಕಷ್ಟ.

"ಯಾರು ಇದನ್ನ ಸೇರ್ಸಿದ್ದು?"

ನನ್ನ ನಾಲಿಗೆ ಒಣಗಿ ಹಪ್ಪಳವಾಗಿತ್ತು. ಇಷ್ಟು ವರ್ಷ ಎಲ್ಲರನ್ನೂ ಆಡಿಸಿದ ಗಂಡು, ಎರಡು ಹೆಜ್ಜೆ ಮುಂದೆ ಬಂದು 'ನಾನು' ಎನ್ನಲಾಗಲಿಲ್ಲ. ಅಷ್ಟರಲ್ಲಿ ಮೇಡಂ ಎದ್ದರು.

"ಕೊನೇ ಪುಟದಲ್ಲಿ ಸಹಿ ನನ್ನದಿದೆ ಸಾರ್. ಎಲ್ಲ ಪುಟಾನೂ ನಂದೇ."

"ಇದು ಸಭೆಗೆ ಮಾಡಿದ ಅವಮಾನ. ನಿಮ್ಮ ಮೇಲೆ ಕ್ರಮ ತಗೋಬೇಕಾಗುತ್ತೆ."

"ತಗೊಳ್ಳಿ ಸಾರ್. ಆದ್ರೆ ನೋಡಿ, ಮೆಷಿನ್ ಓದಿ ಹೇಳಿದ್ದನ್ನ ನಾವು ಇಷ್ಟು ಜನ ಇಲ್ಲಿ ಕೂತು ನಂಬಿದ್ವಿ. ಹದಿನೆಂಟು ವರ್ಷದ ಮಕ್ಳಿಗೆ ಮೂವತ್ತು ವಿಡಿಯೋ ತೋರ್ಸಿದ್ರೆ ಸಾಕಾ? ಮಿಕ್ಕ ಎಂಬತ್ಮೂರು ಪುಟಾನೂ ಸುಳ್ಳಿರ್ಬಹುದು. ಓದಿ."

ಓದಿದರು. ಬೇರೆ ದಾರಿ ಇರಲಿಲ್ಲ. ಇನ್ನೊಂದು ಹಪ್ಪಳ ಎಲ್ಲಿದೆಯೋ ಎಂಬ ಭಯ. ಪ್ರತಿಯೊಬ್ಬರೂ ಮೊದಲು ತಮ್ಮ ವಿಭಾಗದ ಪುಟ ಹುಡುಕಿದರು, ನಮ್ಮ ಗೇಜು ಹೀಗಲ್ಲ, ಹಾಗೆ ಎಂದು ತಿದ್ದಿದರು, ಪಕ್ಕದವರ ಗೇಜಿಗೆ ಕೈ ಹಾಕಿದರು. ಕಾನೂನಿನವರಿಗೂ ಇತಿಹಾಸದವರಿಗೂ ಸಾಕ್ಷಿ ಎಂದರೇನು ಎಂಬ ವಿಷಯಕ್ಕೆ ಕೂಗಾಟವೇ ಆಯಿತು. ಸಭೆ ನಾಲ್ಕು ಗಂಟೆಗೆ ಮುಗಿಯಿತು. ವರದಿ ಪಾಸಾಯಿತು, ಹಪ್ಪಳವೂ ಸೇರಿ: ಅದು ಎಲ್ಲ ವಿಭಾಗಕ್ಕೂ ಮೊದಲನೇ ಪಾಠ ಆಗಲಿ ಎಂದು ಕನ್ನಡ ಪ್ರೊಫೆಸರು ಸೂಚಿಸಿದರು. ತಣ್ಣಗಾದ ವಡೆಗಳನ್ನು ಅಟೆಂಡರುಗಳು ತಿಂದರು. ಅರೆಬೆಂದಿದ್ದವಂತೆ.

ಸಂಜೆ ನಮ್ಮ ಮೆಟ್ರೋ ಪಟ್ಟಣಗೆರೆ ದಾಟಿತು. ಆಮೇಲೆ ಕೇಳಿದೆ.

"ಮೇಡಂ, ಆ ಪುಟ ಯಾವಾಗ ನೋಡಿದ್ರಿ?"

"ಪ್ರಿಂಟಾಗಿ ಬಂದ ದಿನಾನೇ."

"ಮತ್ತೆ ಕಿತ್ತುಹಾಕ್ಬಾರ್ದಿತ್ತಾ?"

"ಯಾರಾದ್ರೂ ಒಬ್ರು ಫೋನ್ ಮಾಡಿ, ಇದೇನಮ್ಮ ಹಪ್ಪಳ ಅಂತ ಕೇಳ್ತಾರೇನೋ ಅಂತ ಹತ್ತು ದಿನ ಕಾದೆ. ಒಂದು ಫೋನೂ ಬರ್ಲಿಲ್ಲ ಕಣ್ರೀ." ಕಿಟಕಿ ಕಡೆ ತಿರುಗಿದರು. "ನೀವು ಹೇಳಿದ್ದೇ ಸರಿ."

ಗೆದ್ದದ್ದು ಒಪ್ಪಿಕೊಳ್ಳಲು ಆ ಕ್ಷಣ ನನಗೆ ಮನಸ್ಸಾಗಲಿಲ್ಲ. "ತಪ್ಪಾಯ್ತು ಮೇಡಂ," ಎಂದೆ.

"ತಪ್ಪಾಗಿದ್ದು ಅದಲ್ಲ. ಆ ಪುಟ ನೀವು ಬರ್ದಿದ್ದಲ್ಲ."

"ಹೇಗ್ ಗೊತ್ತಾಯ್ತು?"

"ಭಾನುವಾರ ಇರ್ಲಿಲ್ಲ." ಈಗ ನನ್ನ ಕಡೆ ತಿರುಗಿದರು. "ನಿಮ್ಮ ಸುಳ್ಳಲ್ಲಿ ಯಾವಾಗ್ಲೂ ಒಂದು ಭಾನುವಾರ ಇರುತ್ತೆ, ಹಿಡಿಯೋರಿಗೆ ಅಂತ. ಇದ್ರಲ್ಲಿ ಎಲ್ಲೂ ಇಲ್ಲ, ಎಲ್ಲಾ ನುಣ್ಣಗೆ. ನಿಮ್ಮ ಕಸುಬನ್ನೂ ಬೇರೆಯವರ ಕೈಲಿ ಮಾಡಿಸ್ತೀರಲ್ರೀ, ನಾಚ್ಕೆ ಆಗ್ಬೇಕು."

ನನ್ನನ್ನು ಮೇಲಧಿಕಾರಿಗಳು ಬೈದಿದ್ದಾರೆ, ಹೆಂಡತಿ ಬೈದಿದ್ದಾಳೆ, ವಿಚಾರಣೆಯೂ ಆಗಿದೆ. ಯಾವುದೂ ಒಳಗೆ ಇಳಿದಿರಲಿಲ್ಲ. ಇದು ಇಳಿಯಿತು. ಯಾಕೆಂದರೆ ನನ್ನ ಬೊಂಬೆಗಳನ್ನು ಅಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ. ನನಗೂ ಒಂದು ಗೇಜು ಅವರ ಚೀಲದಲ್ಲಿತ್ತು.

ವಾರದಲ್ಲಿ ಮೇಡಂಗೆ ಎಚ್ಚರಿಕೆ ಪತ್ರ ಕೊಡಿ ಎಂದು ಮೇಲಿನಿಂದ ಆದೇಶವಾಯಿತು. ಕಳಂಕವಿಲ್ಲದ ಸರ್ವೀಸು, ಕೊನೆಯ ತಿಂಗಳಲ್ಲಿ ಒಂದು ಕರಿ ಗೆರೆ, ಅದೂ ನನ್ನದು. ಟೈಪ್ ಮಾಡಬೇಕಾದವನೂ ನಾನೇ. ಕೂತು ಟೈಪ್ ಮಾಡಿದೆ, ಒಂದಕ್ಷರ ತಪ್ಪಿಲ್ಲದೆ. ಕುಲಪತಿಗಳು ಓದದೆ ಸಹಿ ಹಾಕಿದರು, ಎಂದಿನಂತೆ. ನಾನೇ ಹೋಗಿ ಮೇಡಂ ಕೈಗೆ ಕೊಟ್ಟೆ. ಅವರು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಮೇಲಕ್ಕೆ ಹೋದರು, ಅಲ್ಲಿ ನಿಂತರು. ತುಟಿ ಸ್ವಲ್ಪ ಓರೆಯಾಯಿತು. ಕೆಂಪು ಪೆನ್ಸಿಲ್ಲು ತೆಗೆದು ತಾರೀಕಿಗೆ ಗುಂಡು ಸುತ್ತಿ ಬರೆದರು: 'ಭಾನುವಾರ. ಪರಿಶೀಲಿಸಿ.'

ತಿದ್ದುಪಡಿಗೆ ಅಂತ ಹೋದ ಪತ್ರ ನಮ್ಮಲ್ಲಿ ಐದು ಮೇಜು ದಾಟಬೇಕು. ನಾಲ್ಕನೇ ಮೇಜಿನಲ್ಲಿ ಅದು ಇದ್ದಾಗ ಮೇಡಂ ಹಾರ, ಶಾಲು, ಬೆಳ್ಳಿಯ ಬಟ್ಟಲು ತಗೊಂಡು ನಿವೃತ್ತರಾದರು. ಸರ್ವೀಸ್ ರಿಜಿಸ್ಟರಿನಲ್ಲಿ ಒಂದು ಚುಕ್ಕೆಯೂ ಇಲ್ಲ. ಇದನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ, ನನ್ನ ಪಿಂಚಣಿಯೂ ಗಟ್ಟಿಯಾಗಿದೆ.

ನಿವೃತ್ತರಾದರೂ ಸೋಮವಾರ ಸೋಮವಾರ ಬರುತ್ತಿದ್ದರು. ಯಾವುದಾದರೂ ವಿಭಾಗದ ಎಐ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ಕೊನೆಗೆ ಒಂದೇ ಪ್ರಶ್ನೆ ಕೇಳಿ ಹೋಗುವುದು. ಕಂಪ್ಯೂಟರ್ ಮುಖ್ಯಸ್ಥರೂ ಆಮೇಲೆ ಬದಲಾದರು. ಹಪ್ಪಳದ ಪಾಠವನ್ನು ಅವರಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ. ನಾನೇ ಮೋಸ ಹೋಗಿದ್ದೆ ಎಂದು ಮಕ್ಕಳೆದುರು ಹೇಳುತ್ತಾರೆ. ಅಷ್ಟು ನನ್ನ ಕೈಲಿ ಆಗಿರಲಿಲ್ಲ. ಈಗ ಆ ವಿಶ್ವವಿದ್ಯಾಲಯದಲ್ಲಿ ಯಾವ ಪದವಿ ಓದುವ ಮಗುವೇ ಆಗಲಿ, ಮೊದಲು ಓದುವುದು ನಾನು ತೂರಿಸಿದ ಪುಟವನ್ನು. ಯಾವ ಪ್ರೊಫೆಸರಿಗಿದೆ ಈ ಭಾಗ್ಯ? ಬರೆದದ್ದು ನಾನಲ್ಲ ಎಂಬುದೊಂದೇ ಚುಚ್ಚುತ್ತದೆ.

ಮೊನ್ನೆ ಹಳೇ ಸೆಕ್ಷನ್ನಿನವರು ಮೊಬೈಲಿಗೆ ಒಂದು ಸುತ್ತೋಲೆ ಕಳಿಸಿದರು. ವಿಶ್ರಾಂತ ಪ್ರಾಧ್ಯಾಪಕಿಯವರು ಅಗಲಿದ್ದಾರೆ, ಅವರ ಗೌರವಾರ್ಥ ಎರಡು ನಿಮಿಷ ಮೌನ. ಕೆಳಗೆ ಸೀಲು, ಸಹಿ ಎಲ್ಲಾ ಇತ್ತು. ನನ್ನ ಜಾಗಕ್ಕೆ ಬಂದವನು ಅವಸರಕ್ಕೆ ರಜೆಯ ದಿನವೇ ಆಫೀಸಿಗೆ ಹೋಗಿ ಟೈಪ್ ಮಾಡಿರಬೇಕು. ಒಳ್ಳೆಯ ಹುಡುಗ.

ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ಹಾಕಿಸಿಕೊಂಡು ಬಂದೆ. ಕೆಂಪು ಪೆನ್ಸಿಲ್ಲು ಮನೆಯಲ್ಲಿರಲಿಲ್ಲ, ಪಕ್ಕದ ಮನೆಯಿಂದ ತಂದೆ. ತಾರೀಕಿನ ಸುತ್ತ ಒಂದು ಗುಂಡು ಸುತ್ತಿದೆ. ಅವರಷ್ಟು ದುಂಡಗೆ ಬರಲಿಲ್ಲ. ಪಕ್ಕದಲ್ಲಿ ಬರೆದು, ಸೆಕ್ಷನ್ನಿಗೇ ವಾಪಸ್ ಕಳಿಸಿದೆ:

'ಭಾನುವಾರ. ಪರಿಶೀಲಿಸಿ.'